ಲೇಸಿಕ್ ಮಾಡಿಸೋಣವೇ? ಆಫರ್ ನೋಡುವ ಮೊದಲು ಕಾರ್ನಿಯಾದ ನಕ್ಷೆ ನೋಡಿ

ಕಳೆದ ವರ್ಷ ತಂಗಿಗೆ ಗಂಡು ನೋಡುತ್ತಿದ್ದಾಗ ಒಂದು ಕಡೆಯಿಂದ ಬ್ರೋಕರ್ ಮೂಲಕ ಒಂದು ಪ್ರಶ್ನೆ ಬಂತು. ಓದಿನ ಬಗ್ಗೆ ಅಲ್ಲ, ಕೆಲಸದ ಬಗ್ಗೆಯೂ ಅಲ್ಲ. ‘ಹುಡುಗಿ ಕನ್ನಡಕದ ಪವರ್ ಎಷ್ಟು?’ ಅಂತ. ಫೋಟೋದಲ್ಲಿ ನೋಡಿದರೆ ಆ ಹುಡುಗನೂ ಕನ್ನಡಕಧಾರಿಯೇ. ಅವನ ಪವರ್ ಎಷ್ಟು ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ, ಅದು ಬೇರೆ ಮಾತು.

ಅವತ್ತು ರಾತ್ರಿ ಅಮ್ಮ ಫೋನ್ ಮಾಡಿದರು. ‘ಅದೇನೋ ಲೇಸರ್ ಅಂತಾರಲ್ಲ, ಹತ್ತು ನಿಮಿಷದ ಕೆಲಸವಂತೆ. ಮಾಡಿಸಿಬಿಡೋ, ದುಡ್ಡು ನಾನು ಕೊಡ್ತೀನಿ.’ ತಂಗಿಗೆ 27 ವರ್ಷ, ತುಮಕೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಎರಡೂ ಕಣ್ಣಿಗೆ ಮೈನಸ್ ಐದೂವರೆ. ಮದುವೆ ಮಾತು ಕೇಳಿ ಸಿಟ್ಟಾದಳು, ಆದರೆ ಲೇಸರ್ ಬೇಡ ಅನ್ನಲಿಲ್ಲ. ಮಳೆಯಲ್ಲಿ ಸ್ಕೂಟಿ ಓಡಿಸುವಾಗ ಗಾಜಿನ ಮೇಲೆ ನೀರು, ಹೆಲ್ಮೆಟ್ ಹಾಕಿದರೆ ಒಳಗೆ ಮಂಜು, ಬೆಳಿಗ್ಗೆ ಎದ್ದ ತಕ್ಷಣ ದಿಂಬಿನ ಪಕ್ಕ ತಡಕಾಟ. ಎಂಟನೇ ಕ್ಲಾಸಿನಿಂದ ಅನುಭವಿಸಿದವಳಿಗೆ ಇದು ಬರೀ ಅಂದಚಂದದ ವಿಷಯ ಅಲ್ಲ. ‘ಅಣ್ಣ, ನೀನು ಎಂಜಿನಿಯರಿಂಗ್ ಓದಿದ್ದೀಯಲ್ಲ, ಓದಿ ಹೇಳು, ಸೇಫಾ?’ ಅಂದಳು.

ನಾನು ಓದಿದೆ, ಲೆಕ್ಕ ಹಾಕಿದೆ, ಸೇಫ್ ಅಂತ ಹೇಳಿದೆ. ಅದು ತಪ್ಪಾಯಿತು. ಎಲ್ಲಿ ತಪ್ಪಿದೆ ಅಂತ ಬರೆಯೋದಕ್ಕೇ ಈ ಅಂಕಣ.

ಮೊದಲು ಲೇಸರ್ ಏನು ಮಾಡುತ್ತದೆ ಅಂತ ನೋಡೋಣ. ಮೈನಸ್ ನಂಬರ್ ಇರುವವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಹಿಂದೆ ಮುಂದೆ ಸ್ವಲ್ಪ ಉದ್ದ. ದೂರದ ವಸ್ತುವಿನ ಬೆಳಕು ರೆಟಿನಾ ತಲುಪುವ ಮೊದಲೇ ಕೂಡಿಬಿಡುತ್ತದೆ, ಹಾಗಾಗಿ ಬಸ್ಸಿನ ಬೋರ್ಡು ಮಸುಕು. ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ಮೂರನೇ ಎರಡು ಭಾಗ ಮಾಡೋದು ಕಣ್ಣಿನ ಎದುರಿಗಿರುವ ಪಾರದರ್ಶಕ ಪರದೆ, ಅಂದರೆ ಕಾರ್ನಿಯಾ. ಅದರ ನಡುಭಾಗವನ್ನು ಒಂಚೂರು ಚಪ್ಪಟೆ ಮಾಡಿದರೆ ಬೆಳಕು ಕೂಡುವ ಜಾಗ ಹಿಂದಕ್ಕೆ, ರೆಟಿನಾ ಮೇಲೆ ಹೋಗುತ್ತದೆ. ಚಪ್ಪಟೆ ಮಾಡೋದು ಹೇಗೆ? ಕೆತ್ತಿ. ಲೇಸರ್ ಕಾರ್ನಿಯಾವನ್ನು ಒತ್ತುವುದಿಲ್ಲ, ಬಗ್ಗಿಸುವುದಿಲ್ಲ. ಅಲ್ಲಿರುವ ಅಂಗಾಂಶವನ್ನು ತೆಗೆಯುತ್ತದೆ. ತೆಗೆದದ್ದು ಮತ್ತೆ ಬೆಳೆಯುವುದಿಲ್ಲ.

ಕಾರ್ನಿಯಾ ಪದರ ಪದರವಾಗಿದೆ ಅನ್ನೋದು ಕನ್ನಡಿಗರಿಗೆ 2021ರಲ್ಲಿ ದುಃಖದ ನಡುವೆ ಗೊತ್ತಾದ ವಿಷಯ. ಪುನೀತ್ ರಾಜ್‌ಕುಮಾರ್ ದಾನ ಮಾಡಿದ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಅಂತ ಬೇರ್ಪಡಿಸಿ, ಬೇರೆ ಬೇರೆ ತೊಂದರೆ ಇದ್ದವರಿಗೆ ಕಸಿ ಮಾಡಿದ್ದರು. ಲೇಸರ್ ಚಿಕಿತ್ಸೆ ಕೆಲಸ ಮಾಡೋದು ಮುಂದಿನ ಪದರಗಳಲ್ಲಿ. ಕಣ್ಣಿಗೆ ಆಕಾರ ಮತ್ತು ಗಟ್ಟಿತನ ಎರಡನ್ನೂ ಕೊಡುವ ಭಾಗ ಅದೇ.

ಈ ಲೇಸರ್‌ನ ಕಥೆಯೂ ಸ್ವಾರಸ್ಯಕರ. ಮದ್ರಾಸಿನಲ್ಲಿ ಹುಟ್ಟಿ, ಅಲ್ಲೇ ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ಹೋದ ರಸಾಯನ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್, ಐಬಿಎಂನ ಪ್ರಯೋಗಾಲಯದಲ್ಲಿ ಎಕ್ಸೈಮರ್ ಲೇಸರ್ ಬಳಸಿ ಪ್ಲಾಸ್ಟಿಕ್ ಕೆತ್ತುವ ಕೆಲಸ ಮಾಡುತ್ತಿದ್ದರು. 1981ರ ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನ, ಮನೆಯಲ್ಲಿ ಉಳಿದ ಟರ್ಕಿ ಕೋಳಿಯ ತುಂಡು ತಂದು ಅದರ ಮೇಲೆ ಲೇಸರ್ ಬಿಟ್ಟರು. ಅಕ್ಕಪಕ್ಕ ಸುಡಲಿಲ್ಲ, ಕರಕಲಾಗಲಿಲ್ಲ, ನೀಟಾಗಿ ಗೀರು ಬಿತ್ತು. 193 ನ್ಯಾನೋಮೀಟರ್‌ನ ಆ ನೇರಳಾತೀತ ಕಿರಣ ಒಂದು ಬಡಿತಕ್ಕೆ ಕಾಲು ಮೈಕ್ರಾನಿನಷ್ಟು ಅಂಗಾಂಶ ಮಾತ್ರ ತೆಗೆಯುತ್ತದೆ. ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. 1995ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಈ ಲೇಸರನ್ನು ಕಣ್ಣಿನ ಮೇಲ್ಮೈ ಚಿಕಿತ್ಸೆಗೆ ಒಪ್ಪಿತು. ಮೇಲೊಂದು ತೆಳು ಮುಚ್ಚಳ ಎತ್ತಿ ಒಳಗೆ ಕೆತ್ತುವ ಲೇಸಿಕ್‌ಗೆ ಆ ಸಂಸ್ಥೆಯ ಒಪ್ಪಿಗೆ ಸಿಕ್ಕಿದ್ದು ಅದರ ನಂತರ.

ಯಂತ್ರ ಅಷ್ಟು ನಿಖರ. ನನ್ನಂಥವನು ಮರುಳಾದದ್ದೂ ಅಲ್ಲೇ.

ಮೈಕ್ರಾನ್‌ಗಳ ಬಜೆಟ್

ಸರಾಸರಿ ಕಾರ್ನಿಯಾ ನಡುವೆ ಸುಮಾರು 540 ಮೈಕ್ರಾನ್ ದಪ್ಪ. ಆಫೀಸಿನ ಪ್ರಿಂಟರ್ ಹಾಳೆ ಐದಾರು ಜೋಡಿಸಿದರೆ ಅಷ್ಟೇ. ಲೇಸಿಕ್‌ನಲ್ಲಿ ಎತ್ತುವ ಮುಚ್ಚಳ, ಅಂದ್ರೆ ಫ್ಲ್ಯಾಪ್, 100ರಿಂದ 120 ಮೈಕ್ರಾನ್. ಕೆತ್ತುವ ಆಳಕ್ಕೆ ಒಂದು ಸರಳ ಸೂತ್ರ ಇದೆ: ಕೆತ್ತುವ ವೃತ್ತದ ವ್ಯಾಸದ ವರ್ಗವನ್ನು ಪವರ್‌ನಿಂದ ಗುಣಿಸಿ ಮೂರರಿಂದ ಭಾಗಿಸಿ. ಆರೂವರೆ ಮಿಲಿಮೀಟರ್ ವೃತ್ತ, ಮೈನಸ್ ಐದೂವರೆ ಪವರ್ ಅಂದ್ರೆ ಸುಮಾರು 77 ಮೈಕ್ರಾನ್. ಎಲ್ಲ ಮುಗಿದ ಮೇಲೆ ಮುಚ್ಚಳದ ಕೆಳಗೆ ಕನಿಷ್ಠ 250 ಮೈಕ್ರಾನ್ ಉಳಿಯಲೇಬೇಕು, 300 ಉಳಿದರೆ ಒಳ್ಳೆಯದು ಅನ್ನೋದು ವೈದ್ಯರ ರೂಢಿ. ಮುಚ್ಚಳ ಮತ್ತು ಕೆತ್ತಿದ್ದು ಸೇರಿ ಒಟ್ಟು ದಪ್ಪದ ಶೇ 40 ದಾಟಬಾರದು ಅನ್ನೋ ಇನ್ನೊಂದು ಲೆಕ್ಕವೂ ಇದೆ.

ತಂಗಿಯ ಕಾರ್ನಿಯಾ 505 ಮೈಕ್ರಾನ್. ಮುಚ್ಚಳಕ್ಕೆ 110, ಕೆತ್ತಲು 77, ಉಳಿದದ್ದು 318. ಶೇಕಡಾವಾರು ನೋಡಿದರೆ 37. ಎರಡೂ ಪರೀಕ್ಷೆಯಲ್ಲಿ ಪಾಸು. ಇದೇ ಕಾರ್ನಿಯಾಕ್ಕೆ ಮೈನಸ್ ಒಂಬತ್ತು ಇದ್ದಿದ್ದರೆ ಶೇ 47 ಆಗುತ್ತಿತ್ತು, ಆಗ ಮಾತೇ ಇರಲಿಲ್ಲ.

ಬೆಂಗಳೂರಿನ ಒಂದು ಕೇಂದ್ರದಲ್ಲಿ ಈ ಅಳತೆ ಆಗಿದ್ದು. ಹಿಂದಿನ ದಿನದವರೆಗೂ ಅವಳು ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ದಳು. ಯಾರೂ ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲ ಯಂತ್ರಗಳ ಮುಂದೆ ಕೂರಿಸಿ, ಡಾಕ್ಟರ್ ಐದು ನಿಮಿಷ ಮಾತಾಡಿ ‘ಫಿಟ್’ ಅಂದರು. ಆಮೇಲೆ ಒಬ್ಬ ಕೌನ್ಸೆಲರ್ ಬಂದರು. ಅವರ ಕೈಯಲ್ಲಿ ಮೂರು ಪ್ಯಾಕೇಜುಗಳ ಪಟ್ಟಿ. ‘ಮೇಡಂ, ಈ ವಾರ ಬುಕ್ ಮಾಡಿದರೆ ಡಿಸ್ಕೌಂಟ್ ಇದೆ.’ ಕಣ್ಣು ಕೆತ್ತೋದಕ್ಕೆ ವೀಕೆಂಡ್ ಆಫರ್ ಯಾಕೆ ಅಂತ ಆಗಲೇ ಅನುಮಾನ ಬರಬೇಕಿತ್ತು. ನನ್ನ ತಲೆಯಲ್ಲಿ 318 ಓಡುತ್ತಿತ್ತು. ಅಮ್ಮನಿಗೂ ಫೋನ್ ಮಾಡಿ ಹೇಳಿಬಿಟ್ಟೆ.

ಎರಡನೇ ಅಭಿಪ್ರಾಯಕ್ಕೆ ಹೋಗೋಣ ಅಂತ ಹಠ ಮಾಡಿದವಳು ತಂಗಿಯೇ. ಅಲ್ಲಿ ಮೊದಲ ದಿನ ಪರೀಕ್ಷೆಯನ್ನೇ ಮಾಡಲಿಲ್ಲ. ಎರಡು ವಾರ ಲೆನ್ಸ್ ಮುಟ್ಟಬೇಡಿ, ಆಮೇಲೆ ಬನ್ನಿ ಅಂದರು. ಲೆನ್ಸ್ ಕಾರ್ನಿಯಾವನ್ನು ತಾತ್ಕಾಲಿಕವಾಗಿ ಒತ್ತಿ ಆಕಾರ ಬದಲಿಸುತ್ತದೆ, ಹಾಗಾಗಿ ಅಳತೆಯನ್ನು ನಂಬೋಕೆ ಆಗಲ್ಲ. ಗಟ್ಟಿ ಲೆನ್ಸ್ ಹಾಕುವವರು ಇನ್ನೂ ಹೆಚ್ಚು ದಿನ ಬಿಡಬೇಕು.

ಎರಡು ವಾರದ ನಂತರ ಆ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: ‘ಕಣ್ಣು ಉಜ್ಜೋ ಅಭ್ಯಾಸ ಇದೆಯಾ ಅಮ್ಮ?’ ತಂಗಿಗೆ ಚಿಕ್ಕಂದಿನಿಂದ ಧೂಳಿನ ಅಲರ್ಜಿ. ಬೆರಳಿನ ಗೆಣ್ಣಿನಿಂದ ಕಣ್ಣು ತಿಕ್ಕೋದು ಅವಳಿಗೆ ಉಸಿರಾಟದಷ್ಟೇ ಸಹಜ. ಡಾಕ್ಟರ್ ಸ್ಕ್ರೀನ್ ನಮ್ಮ ಕಡೆ ತಿರುಗಿಸಿ ಕಾರ್ನಿಯಾದ ನಕ್ಷೆ ತೋರಿಸಿದರು. ಟೊಪೋಗ್ರಫಿ ಅಂತಾರೆ. ಬೆಟ್ಟಗುಡ್ಡದ ಮ್ಯಾಪಿನ ಹಾಗೆ ಬಣ್ಣಬಣ್ಣ. ಎಡಗಣ್ಣಿನ ಕೆಳಭಾಗ ಮೇಲ್ಭಾಗಕ್ಕಿಂತ ಕಡಿದಾಗಿತ್ತು, ಕಾರ್ನಿಯಾದ ಹಿಂಬದಿಯಲ್ಲಿ ಅದೇ ಜಾಗಕ್ಕೆ ಸಣ್ಣ ಉಬ್ಬು. ‘ಇದು ರೋಗ ಅಂತ ಹೇಳ್ತಿಲ್ಲ. ಅನುಮಾನ ಇದೆ. ಅನುಮಾನ ಇರುವ ಕಣ್ಣನ್ನು ನಾನು ಕೆತ್ತಲ್ಲ’ ಅಂದರು.

ಅನುಮಾನ ಕೆರಟೋಕೋನಸ್‌ನದ್ದು. ಕಾರ್ನಿಯಾದ ನಾರುಗಳ ಹಿಡಿತ ಸಡಿಲವಾಗಿ, ಕಣ್ಣಿನ ಒಳಗಿನ ಒತ್ತಡಕ್ಕೆ ಅದು ಮೆಲ್ಲಗೆ ಶಂಕುವಿನಾಕಾರಕ್ಕೆ ಉಬ್ಬುವ ತೊಂದರೆ. ಹದಿಹರೆಯದಿಂದ ಮೂವತ್ತರವರೆಗೆ ಹೆಚ್ಚು ಮುಂದುವರಿಯುತ್ತದೆ. ಯುರೋಪಿನವರಿಗಿಂತ ದಕ್ಷಿಣ ಏಷ್ಯಾ ಮೂಲದವರಲ್ಲಿ ಹೆಚ್ಚು, ಕಣ್ಣು ಉಜ್ಜುವವರಲ್ಲಿ ಇನ್ನೂ ಹೆಚ್ಚು. ಅದರ ಆರಂಭದ ಹಂತದಲ್ಲಿ ಇರುವವರಿಗೆ ಏನೂ ಗೊತ್ತಾಗುವುದಿಲ್ಲ, ಕನ್ನಡಕ ಹಾಕಿದರೆ ಕೊನೇ ಸಾಲಿನವರೆಗೂ ಓದುತ್ತಾರೆ. ಅಂಥ ಕಣ್ಣಿನಿಂದ 77 ಮೈಕ್ರಾನ್ ತೆಗೆದು, ಮೇಲಿನ ಪದರವನ್ನೂ ಕತ್ತರಿಸಿದರೆ ಉಬ್ಬು ಜೋರಾಗಬಹುದು. ಇದಕ್ಕೆ ಎಕ್ಟೇಸಿಯಾ ಅನ್ನುತ್ತಾರೆ. ಅಪರೂಪವೇ. ಆದರೆ ಆದಮೇಲೆ ಕನ್ನಡಕದಿಂದಲೂ ಸರಿಯಾಗಿ ಕಾಣದೆ ವಿಶೇಷ ಗಟ್ಟಿ ಲೆನ್ಸ್, ಕೆಲವರಿಗೆ ಕಾರ್ನಿಯಾ ಕಸಿಯವರೆಗೂ ಹೋಗುತ್ತದೆ.

ನನ್ನ ತಪ್ಪು ಇಲ್ಲಿತ್ತು. ದಪ್ಪದ ಲೆಕ್ಕ ಸರಿಯೇ ಇತ್ತು. ಆದರೆ ಗೋಡೆ ಎಷ್ಟು ದಪ್ಪ ಅಂತ ಅಳೆದವನು ಗೋಡೆ ನೆಟ್ಟಗಿದೆಯಾ ಅಂತ ನೋಡಿರಲಿಲ್ಲ. ಮೊದಲ ಕೇಂದ್ರದವರೂ ನಕ್ಷೆ ತೆಗೆದಿದ್ದರು. ಅವರು ತೋರಿಸಲಿಲ್ಲ, ನಾವು ಕೇಳಲಿಲ್ಲ.

ಮುಚ್ಚಳವೇ ಇಲ್ಲದ ಸ್ಮೈಲ್ ವಿಧಾನದಲ್ಲಿ ಮಾಡಬಹುದಲ್ಲ ಅಂತ ಕೇಳಿದೆ. ಅದರಲ್ಲಿ ಒಳಗೇ ತೆಳುವಾದ ಬಿಲ್ಲೆ ಕತ್ತರಿಸಿ ಸಣ್ಣ ಸೀಳಿನಿಂದ ಎಳೆದು ತೆಗೆಯುತ್ತಾರೆ. ನರಗಳು ಕಡಿಮೆ ಕತ್ತರಿಯಾಗುವುದರಿಂದ ಕಣ್ಣು ಒಣಗುವ ತೊಂದರೆ ಕಡಿಮೆ ಅನ್ನೋದು ಅದರ ಗುಣ. ಆದರೆ ಅಂಗಾಂಶ ತೆಗೆಯುವುದು ತಪ್ಪುವುದಿಲ್ಲ, ಹಾಗಾಗಿ ಅನುಮಾನದ ಕಾರ್ನಿಯಾಕ್ಕೆ ಅದೂ ಬೇಡ ಅಂದರು. ಕಾರ್ನಿಯಾ ಮುಟ್ಟದೆ ಕಣ್ಣೊಳಗೆ ಲೆನ್ಸ್ ಇಡುವ ಐಸಿಎಲ್ ಇದೆ, ಅದರ ಖರ್ಚು ಮತ್ತು ಅಪಾಯದ ಪಟ್ಟಿಯೇ ಬೇರೆ. ಅದರ ಮಾತು ಮುಂದಕ್ಕೆ ಹಾಕಿದೆವು.

ಶೇ 95ರ ಒಳಗೆ ಏನಿದೆ

ಹಾಗಂತ ಲೇಸಿಕ್ ಕೆಟ್ಟದ್ದು ಅಂತ ಬರೆಯೋದಕ್ಕೆ ನಾನು ಕೂತಿಲ್ಲ. ನನ್ನ ಹಳೇ ಆಫೀಸಿನ ಸಹೋದ್ಯೋಗಿಗಳಲ್ಲೇ ಆರೇಳು ಜನ ಮಾಡಿಸಿಕೊಂಡಿದ್ದಾರೆ, ಎಲ್ಲರೂ ಖುಷಿಯಾಗಿದ್ದಾರೆ. ಎಫ್‌ಡಿಎ ಮತ್ತು ಅಮೆರಿಕದ ರಕ್ಷಣಾ ಇಲಾಖೆ ಸೇರಿ ನಡೆಸಿದ ಪ್ರೌಲ್ ಹೆಸರಿನ ಎರಡು ಅಧ್ಯಯನಗಳಲ್ಲಿ ಶೇ 95ಕ್ಕೂ ಹೆಚ್ಚು ಜನ ತಮ್ಮ ದೃಷ್ಟಿಯ ಬಗ್ಗೆ ತೃಪ್ತಿ ಹೇಳಿದ್ದರು. ಜಾಹೀರಾತಿನಲ್ಲಿ ಕಾಣೋದು ಈ ಥರದ ಅಂಕಿ.

ಅದೇ ಅಧ್ಯಯನದ ಉಳಿದ ಸಾಲುಗಳನ್ನೂ ಓದಬೇಕು. ಮೊದಲು ಏನೂ ತೊಂದರೆ ಇಲ್ಲದವರಲ್ಲಿ ಶೇ 46ರವರೆಗೆ ಜನ, ಮೂರು ತಿಂಗಳಾದ ಮೇಲೆ ಹೊಸದಾಗಿ ಒಂದಾದರೂ ದೃಷ್ಟಿ ದೋಷ ಹೇಳಿದರು. ದೀಪದ ಸುತ್ತ ಪ್ರಭಾವಳಿ, ಎದುರಿನ ಗಾಡಿಯ ಲೈಟು ಚೆದುರಿ ಕಣ್ಣಿಗೆ ಚುಚ್ಚೋದು, ಒಂದು ಅಕ್ಷರದ ಪಕ್ಕ ಅದರದ್ದೇ ನೆರಳು. ಒಣಕಣ್ಣು ಇರದಿದ್ದವರಲ್ಲಿ ಶೇ 30ರವರೆಗೆ ಜನರಿಗೆ ಅದು ಶುರುವಾಗಿತ್ತು. ನಿತ್ಯದ ಕೆಲಸಕ್ಕೇ ತುಂಬ ಕಷ್ಟ ಅಂದವರು ಶೇ 1ಕ್ಕಿಂತ ಕಡಿಮೆ. ಇನ್ನೊಂದು ಮಗ್ಗುಲೂ ಇದೆ: ಮೊದಲೇ ಇಂಥ ತೊಂದರೆ ಇದ್ದ ಎಷ್ಟೋ ಜನರಿಗೆ ಆಪರೇಷನ್ ನಂತರ ಅದು ಹೋಗಿತ್ತು ಕೂಡ.

ನನಗೆ ಮನಸ್ಸಿಗೆ ನಾಟಿದ್ದು ಬೇರೆ ಸಂಗತಿ. ಅದೇ ರೋಗಿಗಳು ಡಾಕ್ಟರ್ ಎದುರು ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ತೊಂದರೆಗಳನ್ನು ಪ್ರಶ್ನಾವಳಿಯಲ್ಲಿ ಗುರುತು ಮಾಡಿದ್ದರು. ಅಮೆರಿಕದಲ್ಲೇ ಹಾಗಾದರೆ, ‘ಹೇಗಿದ್ದೀರಿ’ ಅಂದ ಕೂಡಲೇ ‘ಪರವಾಗಿಲ್ಲ ಸಾರ್’ ಅನ್ನುವ ನಮ್ಮಲ್ಲಿ ಕೇಳಬೇಕೇ? ಲೇಸರ್‌ಗೆ ಒಪ್ಪಿಗೆ ಕೊಡುವ ಹೊತ್ತಿನಲ್ಲಿ ಎಫ್‌ಡಿಎಯಲ್ಲೇ ಇದ್ದ ಅಧಿಕಾರಿ ಮಾರಿಸ್ ವ್ಯಾಕ್ಸ್ಲರ್ ನಿವೃತ್ತಿಯಾದ ಮೇಲೆ, 2011ರಲ್ಲಿ, ಲೇಸಿಕ್ ಅನುಮತಿಯನ್ನೇ ವಾಪಸ್ ತೆಗೆಯಿರಿ ಅಂತ ಅರ್ಜಿ ಹಾಕಿದರು. ಸಂಸ್ಥೆ ಅದನ್ನು ತಳ್ಳಿಹಾಕಿತು. ಆದರೆ 2022ರಲ್ಲಿ ಅದೇ ಸಂಸ್ಥೆ, ರೋಗಿಗಳಿಗೆ ಈ ಎಲ್ಲ ತೊಂದರೆಗಳನ್ನು ಮೊದಲೇ ಬಿಡಿಸಿ ಹೇಳಬೇಕು ಅನ್ನುವ ಕರಡು ಮಾರ್ಗಸೂಚಿ ಹೊರಡಿಸಿತು. ನನಗೆ ವ್ಯಾಕ್ಸ್ಲರ್ ಬೇಡಿಕೆ ಅತಿ ಅನ್ನಿಸುತ್ತದೆ, ಕರಡು ಮಾತ್ರ ತಡವಾಗಿ ಬಂತು.

ಒಣಕಣ್ಣಿನ ಕಾರಣ ಸರಳ. ಕಾರ್ನಿಯಾದಲ್ಲಿ ನರಗಳು ದಟ್ಟವಾಗಿವೆ, ಕಣ್ಣೀರು ಬೇಕು ಅಂತ ಸುದ್ದಿ ಮುಟ್ಟಿಸೋದು ಅವೇ. ಮುಚ್ಚಳ ಕತ್ತರಿಸುವಾಗ ಅವೂ ಕತ್ತರಿಸುತ್ತವೆ. ಹೆಚ್ಚಿನವರಿಗೆ ಆರು ತಿಂಗಳಿಂದ ವರ್ಷದೊಳಗೆ ಸುಧಾರಿಸುತ್ತದೆ. ತೀರಾ ಕೆಲವರಿಗೆ ಉರಿ, ನೋವು ವರ್ಷಗಟ್ಟಲೆ ಉಳಿಯುತ್ತದೆ. ಹತ್ತು ಗಂಟೆ ಎಸಿ ರೂಮಿನಲ್ಲಿ ಸ್ಕ್ರೀನ್ ನೋಡುತ್ತ, ಈಗಾಗಲೇ ಸಂಜೆಗೆ ಡ್ರಾಪ್ಸ್ ಹಾಕಿಕೊಳ್ಳುವ ಐಟಿ ಮಂದಿ ಕಣ್ಣೀರಿನ ಪರೀಕ್ಷೆ ಮಾಡಿಸದೆ ಮುಂದೆ ಹೋಗಬಾರದು. ರಾತ್ರಿ ಗಾಡಿ ಓಡಿಸೋದೇ ಕೆಲಸ ಆಗಿರುವವರಿಗೆ ಪ್ರಭಾವಳಿಯ ಮಾತು ಹೊಟ್ಟೆಪಾಡಿನ ಮಾತು.

ಚಾಳೀಸಿನ ಲೆಕ್ಕ

ಈ ಓಡಾಟದಲ್ಲಿ ನಾನೂ ತಪಾಸಣೆ ಮಾಡಿಸಿದೆ. ನನಗೆ 37, ಮೈನಸ್ ಮೂರು, ನಕ್ಷೆ ನೆಟ್ಟಗಿದೆ, ದಪ್ಪ ಧಾರಾಳ. ‘ನಿಮಗೆ ಮಾಡಬಹುದು. ಆದರೆ ಯಾಕೆ ಮಾಡಿಸ್ತೀರಿ?’ ಅಂದರು ಅದೇ ಡಾಕ್ಟರ್.

ನಮ್ಮ ಹಿರಿಯರು ಓದುವ ಕನ್ನಡಕಕ್ಕೆ ಚಾಳೀಸು ಅಂತ ಹೆಸರಿಟ್ಟಿದ್ದಾರೆ. ಚಾಳೀಸು ಅಂದ್ರೆ ನಲವತ್ತು. ಆ ವಯಸ್ಸಿನ ಆಸುಪಾಸಿಗೆ ಕಣ್ಣೊಳಗಿನ ಮಸೂರ ಬಿರುಸಾಗಿ ಹತ್ತಿರದ್ದು ಮಸುಕಾಗುತ್ತದೆ, ಎಲ್ಲರಿಗೂ. ಲೇಸರ್ ಕಾರ್ನಿಯಾ ಮುಟ್ಟುತ್ತದೆಯೇ ಹೊರತು ಈ ಮಸೂರವನ್ನಲ್ಲ. ಮೈನಸ್ ಮೂರು ಇರುವವನಿಗೆ ಕನ್ನಡಕ ತೆಗೆದರೆ 33 ಸೆಂಟಿಮೀಟರ್ ದೂರದಲ್ಲಿ ಸ್ಪಷ್ಟ, ಅಂದ್ರೆ ಪುಸ್ತಕ ಹಿಡಿಯುವ ದೂರ. ಐವತ್ತರಲ್ಲೂ ಅದು ಹಾಗೇ ಇರುತ್ತದೆ. ಈಗ ಲೇಸರ್ ಮಾಡಿಸಿದರೆ ಬಸ್ ಬೋರ್ಡು ಕಾಣುತ್ತದೆ, ಇನ್ನೈದಾರು ವರ್ಷಕ್ಕೆ ಮೊಬೈಲ್ ನೋಡೋಕೆ ಚಾಳೀಸು ಬರುತ್ತದೆ. ಓದಿ ಬರೆದು ಬದುಕುವ ನನಗೆ ಇದು ನಷ್ಟದ ವ್ಯಾಪಾರ. ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಹತ್ತಿರಕ್ಕೆ ಹೊಂದಿಸುವ ವ್ಯವಸ್ಥೆಯೂ ಇದೆ. ಲೆನ್ಸ್ ಹಾಕಿ ಒಂದು ವಾರ ಪ್ರಯೋಗ ಮಾಡಿದೆ, ತಲೆನೋವು ಬಂತು, ಬಿಟ್ಟೆ.

ಇದೇ ಪವರ್, ಇದೇ ನಕ್ಷೆ ಇರುವ 24 ವರ್ಷದ ಒಬ್ಬರು ಬಂದು ಕೇಳಿದರೆ ನಾನೇ ‘ಮಾಡಿಸಿ’ ಅಂತೀನಿ. ಅವರಿಗೆ ಮುಂದೆ ಹದಿನೈದು ಇಪ್ಪತ್ತು ವರ್ಷ ಕನ್ನಡಕವಿಲ್ಲದ ಬದುಕಿದೆ. ಪವರ್ ಒಂದು ವರ್ಷದಿಂದ ಅರ್ಧಕ್ಕಿಂತ ಹೆಚ್ಚು ಬದಲಾಗಿರಬಾರದು, ಬಸುರಿ ಬಾಣಂತಿಯರು ಕಾಯಬೇಕು, ಅಷ್ಟೇ.

ಕೆಲಸಕ್ಕಾಗಿ ಮಾಡಿಸುವ ಹುಡುಗರಿಗೆ ಒಂದು ಮಾತು. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಲೇಸಿಕ್ ಆದವರು ಅರ್ಹರೇ ಅಲ್ಲ ಅಂತ ನೇಮಕಾತಿ ಪ್ರಕಟಣೆಯಲ್ಲೇ ಇರುತ್ತದೆ. ಕನ್ನಡಕ ಇದ್ದರೆ ಕೆಲಸ ಸಿಗಲ್ಲ ಅಂತ ಲೇಸರ್ ಮಾಡಿಸಿ, ಆಮೇಲೆ ಲೇಸರ್ ಮಾಡಿಸಿದ್ದಕ್ಕೇ ಕೆಲಸ ಹೋಗುವುದು ಬೇಡ. ಸೇನೆಯಲ್ಲಿ ಷರತ್ತುಗಳೊಂದಿಗೆ ಒಪ್ಪುತ್ತಾರೆ, ವಿಭಾಗಕ್ಕೊಂದು ನಿಯಮ. ಮೊದಲು ಪ್ರಕಟಣೆ ಓದಿ. ಆರೋಗ್ಯ ವಿಮೆಯಂತೂ 7.5 ಡಯಾಪ್ಟರ್‌ಗಿಂತ ಕಡಿಮೆ ಪವರ್‌ಗೆ ಕೊಡುವುದಿಲ್ಲ, ಹಾಗಾಗಿ ಹತ್ತಾರು ಸಾವಿರದಿಂದ ಲಕ್ಷ ದಾಟುವವರೆಗಿನ ಖರ್ಚು ಜೇಬಿನದ್ದೇ.

ಮಾಡಿಸಿಕೊಂಡವರು ಮರೆಯುವ ಎರಡು ವಿಷಯ ಇವೆ. ನಂಬರ್ ಹೋದರೂ ಕಣ್ಣುಗುಡ್ಡೆ ಉದ್ದವಾಗಿಯೇ ಇರುತ್ತದೆ, ರೆಟಿನಾ ತೆಳುವಾಗಿ ಹರಿಯುವ ಅಪಾಯ ಹಾಗೇ ಉಳಿಯುತ್ತದೆ. ಕನ್ನಡಕ ಇಲ್ಲ ಅಂತ ಕಣ್ಣಿನ ಡಾಕ್ಟರನ್ನೇ ಬಿಡಬೇಡಿ. ಇನ್ನೊಂದು, ಆಪರೇಷನ್‌ಗೆ ಮುಂಚಿನ ಅಳತೆಗಳ ಕಾಗದ. ಅರವತ್ತರಲ್ಲಿ ಪೊರೆ ಆಪರೇಷನ್ ಮಾಡುವಾಗ ಯಾವ ಪವರ್‌ನ ಲೆನ್ಸ್ ಇಡಬೇಕು ಅನ್ನೋ ಲೆಕ್ಕ ಕೆತ್ತಿದ ಕಾರ್ನಿಯಾದಲ್ಲಿ ತಪ್ಪುತ್ತದೆ, ಕಣ್ಣಿನ ಒತ್ತಡವೂ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಆಗ ಆ ಹಳೇ ಕಾಗದ ಬಹಳ ನೆರವಾಗುತ್ತದೆ. ಮನೆಯ ಪತ್ರಗಳ ಜೊತೆ ಇಡಿ.

ತಂಗಿಗೆ ಅಲರ್ಜಿಗೆ ಡ್ರಾಪ್ಸ್ ಕೊಟ್ಟಿದ್ದಾರೆ. ಆರು ತಿಂಗಳಿಗೊಮ್ಮೆ ನಕ್ಷೆ ತೆಗೆಸಬೇಕು. ಉಬ್ಬು ಹೆಚ್ಚುತ್ತಿದ್ದರೆ ಕಾರ್ನಿಯಾವನ್ನು ಗಟ್ಟಿ ಮಾಡುವ ಸಿ3ಆರ್ ಚಿಕಿತ್ಸೆ, ಇಲ್ಲದಿದ್ದರೆ ಏನೂ ಬೇಡ. ಮೊದಲ ಮರುತಪಾಸಣೆ ಆಯಿತು, ನಕ್ಷೆ ಹಾಗೇ ಇದೆ. ಆ ಕೌನ್ಸೆಲರ್ ಕಡೆಯಿಂದ ಇನ್ನೂ ಮೆಸೇಜ್ ಬರುತ್ತಿರುತ್ತದೆ, ಈಗ ಯುಗಾದಿ ಆಫರ್.

ಕನ್ನಡಕದ ಪವರ್ ಕೇಳಿದ ಸಂಬಂಧ ಬೇರೆ ಕಾರಣಕ್ಕೆ ಮುರಿಯಿತು. ಈಗ ಕಳಿಸುವ ಫೋಟೋದಲ್ಲಿ ತಂಗಿ ಕನ್ನಡಕ ಹಾಕಿಕೊಂಡೇ ಇದ್ದಾಳೆ. ಅಮ್ಮ ಅಡುಗೆಮನೆಯಿಂದಲೇ ಒಂದು ಕಣ್ಣಿಟ್ಟಿರುತ್ತಾರೆ. ಅವಳ ಕೈ ಮುಖದ ಹತ್ತಿರ ಹೋದರೆ ಸಾಕು, ‘ಏಯ್, ಉಜ್ಜಬೇಡ!’ ಅಂತ ಕೂಗು ಬರುತ್ತದೆ.